ಬಾಯಿಗೂ ಹಾಲು, ಹೊಟ್ಟೆಗೂ ಹಾಲು

ಅನ್ನನಾಳ ಕೂಡದೆ ಹುಟ್ಟಿದ ಮಗುವಿಗೆ ಕೂಡಲೇ ಆಪರೇಷನ್ ಮಾಡಿ ಜೋಡಿಸಿಬಿಡುತ್ತಾರೆ ಎಂದು ತಿಳಿದಿದ್ದೆವು. ಹೆಚ್ಚಿನ ಮಕ್ಕಳಿಗೆ ಹಾಗೆಯೇ ಆಗುತ್ತದೆ. 1941ರಲ್ಲಿ ಅಮೆರಿಕದ ಕ್ಯಾಮರಾನ್ ಹೈಟ್ ಎರಡು ತುದಿಗಳನ್ನು ಹೊಲಿದು ಮಗುವನ್ನು ಉಳಿಸಿಕೊಂಡಾಗಿನಿಂದ ಅದೇ ದಾರಿ. ನಮ್ಮ ಮಗಳದು ಬೇರೆ. ಬಾಯ್ತುಂಬ ನೊರೆ, ಒಳಗೆ ಬಿಟ್ಟ ಟ್ಯೂಬು ಎದೆಯ ಮೇಲ್ಭಾಗದಲ್ಲೇ ಸುರುಳಿ ಸುತ್ತಿಕೊಂಡಿತ್ತು, ಎಕ್ಸ್‌ರೇಯಲ್ಲಿ ಹೊಟ್ಟೆಯೊಳಗೆ ಗಾಳಿಯೇ ಇರಲಿಲ್ಲ. ಹಾಗಿದ್ದರೆ ಕೆಳಗಿನ ತುದಿಗೆ ಶ್ವಾಸನಾಳದ ಸಂಪರ್ಕವಿಲ್ಲ, ನಡುವಿನ ಅಂತರ ದೊಡ್ಡದಿರಬೇಕು ಎಂದರು ಡಾಕ್ಟರು.

ಹೊಟ್ಟೆಗೆ ಟ್ಯೂಬಿಟ್ಟು ಹಾಲು ಕೊಡುತ್ತ, ಮೇಲೆ ನಿಲ್ಲುವ ಎಂಜಲನ್ನು ಸದಾ ಹೀರುತ್ತ ಎರಡು ಮೂರು ತಿಂಗಳು ಕಾದರೆ ಎಷ್ಟೋ ಸಲ ತುದಿಗಳು ತಾವೇ ಬೆಳೆದು ಹತ್ತಿರವಾಗುತ್ತವಂತೆ. ಸರ್ಜನ್ ಜಾನ್ ಫೋಕರ್ 1997ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ತುದಿಗಳಿಗೆ ದಾರ ಹಾಕಿ ದಿನವೂ ಚೂರುಚೂರೇ ಎಳೆದು ಬೆಳೆಸುತ್ತಾರೆ. ಅದಕ್ಕೆ ಐಸಿಯುವಿನಲ್ಲಿ ಬಹಳ ದಿನ ಇರಬೇಕು. ಮತ್ತೊಂದು ದಾರಿಯಲ್ಲಿ ಮೇಲಿನ ತುದಿಯನ್ನು ಕುತ್ತಿಗೆಯಲ್ಲಿ ಹೊರಕ್ಕೆ ತೆರೆದಿಟ್ಟು, ಮಗು ಬೆಳೆದ ಮೇಲೆ ಜಠರವನ್ನೋ ದೊಡ್ಡ ಕರುಳಿನ ತುಂಡನ್ನೋ ಎದೆಯ ಮೂಲಕ ಮೇಲೆ ತಂದು ಸೇರಿಸುತ್ತಾರೆ. ನಮಗೆ ಒದಗಿದ್ದು ಇದು.

ಚಿಕ್ಕಬಾಣಾವರದ ಮನೆಗೆ ಬರುವಾಗ ನರ್ಸಮ್ಮ ಒತ್ತಿ ಹೇಳಿದ್ದು ಒಂದೇ ಮಾತು: ಬಾಯಿಗೆ ಹಾಲು ಕೊಡುವುದನ್ನು ಬಿಡಬೇಡಿ. ನಾನು ಒಳಲೆಯಲ್ಲಿ ಎದೆಹಾಲು ಕುಡಿಸುವೆ, ಅದು ಕುತ್ತಿಗೆಯ ತೂತಿನಿಂದ ಬಟ್ಟೆಗೆ ಹರಿಯುತ್ತದೆ. ಅದೇ ಹೊತ್ತಿಗೆ ಅತ್ತೆ ಸಿರಿಂಜನ್ನು ಎತ್ತಿ ಹಿಡಿದು, ಒತ್ತದೆ, ಹೊಟ್ಟೆಯ ಟ್ಯೂಬಿಗೆ ಹಾಲು ಇಳಿಸುವರು. "ಚೆಲ್ಲಿಹೋಗೋ ಹಾಲು ಯಾಕಮ್ಮ ಕುಡಿಸ್ತೀಯ?" ಎಂದು ಬಂದವರೆಲ್ಲ ಮರುಗುತ್ತಿದ್ದರು. ಚೀಪಿ ನುಂಗುವುದನ್ನು ಮಗು ಮೊದಲ ತಿಂಗಳುಗಳಲ್ಲೇ ರೂಢಿಸಿಕೊಳ್ಳಬೇಕು. ನಾಲಿಗೆಗೆ ರುಚಿ ಸಿಕ್ಕಾಗಲೇ ಹೊಟ್ಟೆಯೂ ತುಂಬಬೇಕು. ಆ ಕಾಲ ಕಳೆದರೆ, ದಾರಿ ಸರಿಯಾದ ಮೇಲೂ ಮಗು ತುತ್ತು ಕಂಡರೆ ಮುಖ ತಿರುಗಿಸಬಹುದು. ಆದರೆ ಹೀಗೆ ಬಾಯಿಗೆ ಕೊಡುವುದು ಕುತ್ತಿಗೆಯಲ್ಲಿ ದಾರಿ ತೆರೆದ ಮಕ್ಕಳಿಗೆ ಮಾತ್ರ, ಅದೂ ಡಾಕ್ಟರು ಹೇಳಿದ ಮೇಲೆ. ತೆರೆಯದಿದ್ದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಸುಲಭವೇನಲ್ಲ. ಎಂಜಲು ತಾಗಿ ಕುತ್ತಿಗೆಯ ಚರ್ಮ ಕೆಂಪಾಗುತ್ತಿತ್ತು. ಹಳೆಯ ಹತ್ತಿ ಸೀರೆಯ ತುಂಡುಗಳಷ್ಟು ಹಿತವಾದದ್ದು ಬೇರೆ ಸಿಗಲಿಲ್ಲ. ಯಶವಂತಪುರದ ಟ್ರೈನಿನಲ್ಲೂ ಬಟ್ಟೆ ಬದಲಿಸಿದ್ದೇನೆ. ಆಮೇಲೆ ರಾಗಿ ಸರಿಯನ್ನೂ ಹೀಗೇ ನೆಕ್ಕಿಸಿದೆವು. ವರ್ಷ ತುಂಬಿದ ಮೇಲೆ ಜಠರವನ್ನು ಮೇಲೆ ತಂದು ಜೋಡಿಸಿದರು. ಗಾಯ ಮಾಗಿ, ಬಾಯಿಗೆ ಕೊಡಬಹುದು ಎಂದ ದಿನ ಅವಳಿಗೆ ನುಂಗಲು ಯಾರೂ ಹೇಳಿಕೊಡಬೇಕಾಗಲಿಲ್ಲ. ಇಂಥ ಮಗುವನ್ನು ಮನೆಗೆ ಕರೆದೊಯ್ಯುವವರು, ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರಲಿ ಬಿಡಲಿ, ಬಾಯಿಗೆ ಏನು, ಯಾವಾಗ ಕೊಡಬೇಕೆಂದು ಕೇಳಿಕೊಂಡೇ ಹೊರಡಿ.

ಜಠರ ಈಗ ಎದೆಯಲ್ಲಿದೆ. ಒಳಗಿದ್ದದ್ದು ಮೇಲೆ ಬಾರದಂತೆ ತಡೆಯುವ ಬಿಗಿ ಅಲ್ಲಿಲ್ಲ. ಅದಕ್ಕೇ ತುಸುತುಸು ಊಟ ಹಲವು ಸಲ, ಉಂಡ ಕೂಡಲೇ ಮಲಗುವಂತಿಲ್ಲ, ರಾತ್ರಿ ತಲೆಯ ಕಡೆ ಎತ್ತರ. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುತ್ತಾರೆ. ಅವಳ ತಟ್ಟೆಯಲ್ಲಿ ಮಾತ್ರ ಅತ್ತೆ ಅದನ್ನು ಬಸ್ಸಾರಿನಲ್ಲಿ ಕಿವುಚಿ ತೆಳ್ಳಗೆ ಮಾಡಿಕೊಡುತ್ತಾರೆ. ಅವಳು ಕೈಚಾಚಿ ಇನ್ನೊಂದು ತುತ್ತು ಕೇಳುತ್ತಾಳೆ.