ವಸಂತದ ಆರಂಭದಲ್ಲಿ ಟ್ರೌಟ್ ಮೀನು: ತಣ್ಣೀರಿನ ಜಮಾ-ಖರ್ಚು

ಅಕೌಂಟೆನ್ಸಿ ತರಗತಿಯಲ್ಲಿ ನಾವು ಆದಾಯ ಮತ್ತು ವೆಚ್ಚದ ಲೆಕ್ಕ ಕಲಿಯುತ್ತೇವೆ. ಇದೇ ಲೆಕ್ಕವನ್ನು ಒಂದು ಮೀನು ದಿನವೂ ಮಾಡುತ್ತದೆ. ಅದು ಇಂಗ್ಲೆಂಡಿನ ಉತ್ತರ ಭಾಗದ ನದಿಗಳಲ್ಲಿರುವ ಕಂದು ಟ್ರೌಟ್. ಈಡನ್, ವಾರ್ಫ್, ಯೂರ್, ಸ್ವೇಲ್ ಮುಂತಾದ ಈ ನದಿಗಳು ಪೆನೈನ್ ಬೆಟ್ಟಗಳ ಕಡೆಯಿಂದ ಹರಿದು ಬರುತ್ತವೆ. ಈಡನ್ ನದಿಯಲ್ಲಿ ಮಾರ್ಚ್ 15ರಿಂದ, ಯಾರ್ಕ್‌ಶೈರ್ ನದಿಗಳಲ್ಲಿ ಮಾರ್ಚ್ 25ರಿಂದ ಸೆಪ್ಟೆಂಬರ್ 30ರವರೆಗೆ ಮಾತ್ರ ಟ್ರೌಟ್ ಹಿಡಿಯಬಹುದು.

1. ನೀರಿನ ಸ್ಥಿತಿ

ಮಾರ್ಚ್ ಬಂದರೂ ಅಲ್ಲಿ ಚಳಿ ಹೋಗಿರುವುದಿಲ್ಲ. ಬೆಟ್ಟದ ಹಿಮ ಕರಗಿ ನದಿಗೆ ಸೇರಿದರೆ ನೀರು ಮತ್ತಷ್ಟು ತಣ್ಣಗಾಗುತ್ತದೆ. ಮೀನು ಶೀತರಕ್ತ ಪ್ರಾಣಿ. ನೀರು ತಣ್ಣಗಿದ್ದರೆ ಅದರ ಜೀರ್ಣಕ್ರಿಯೆಯೂ ನಿಧಾನ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಂದು ಟ್ರೌಟ್ ಬೆಳೆಯುವುದೇ ಇಲ್ಲ ಎನ್ನಬಹುದು. ಸುಮಾರು 13 ಡಿಗ್ರಿಯಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ.

2. ಮೀನು ಎಲ್ಲಿರುತ್ತದೆ?

ಚಳಿಗಾಲದ ಆರಂಭದಲ್ಲಿ ಮೊಟ್ಟೆಯಿಟ್ಟು ಬಡಕಲಾದ ಮೀನಿನ ಬಳಿ ಉಳಿತಾಯ ಕಡಿಮೆ. ರಭಸದ ಸೆಳವಿನಲ್ಲಿ ಈಜಿದರೆ ತಿಂದದ್ದಕ್ಕಿಂತ ಖರ್ಚೇ ಹೆಚ್ಚಾಗುತ್ತದೆ. ಆದ್ದರಿಂದ ಅದು ಮಡುಗಳ ಕೆಳಭಾಗದಲ್ಲಿ, ಬಂಡೆಗಳ ಹಿಂದೆ, ನೀರು ನಿಧಾನವಾಗಿ ಹರಿಯುವ ಕಡೆ ನಿಲ್ಲುತ್ತದೆ. ಪಕ್ಕದ ಸೆಳವು ಆಹಾರವನ್ನು ತಂದುಕೊಟ್ಟರೆ ಮಾತ್ರ ಬಾಯಿ ತೆರೆಯುತ್ತದೆ.

3. ಯಾವ ಹೊತ್ತು ಸೂಕ್ತ?

ಬೇಸಿಗೆಯಲ್ಲಿ ಬೆಳಗ್ಗೆ, ಸಂಜೆ ಒಳ್ಳೆಯದು. ವಸಂತದ ಆರಂಭದಲ್ಲಿ ಹಾಗಲ್ಲ. ಸುಮಾರು 11ರಿಂದ 3 ಗಂಟೆಯವರೆಗೆ ನೀರು ತುಸು ಬೆಚ್ಚಗಾಗುತ್ತದೆ. ಆಗ 'ಲಾರ್ಜ್ ಡಾರ್ಕ್ ಆಲಿವ್' ಎಂಬ ಜಲಕೀಟದ ಮರಿಗಳು ಮೇಲಕ್ಕೆ ಬಂದು, ರೆಕ್ಕೆ ಬಿಚ್ಚಿ ಹಾರುತ್ತವೆ. ಮಾರ್ಚ್ ಕೊನೆಯಲ್ಲಿ 'ಮಾರ್ಚ್ ಬ್ರೌನ್' ಕೀಟವೂ ಕಾಣಿಸುತ್ತದೆ. ಮೀನು ಕಾಯುತ್ತಿದ್ದ ಹೊತ್ತು ಇದೇ.

4. ಗಾಳ ಹಾಕುವ ಕ್ರಮ

ಕೀಟ ಏಳುವ ಮೊದಲು ಭಾರವಾದ ಕೃತಕ ಮರಿಹುಳುವನ್ನು ತಳದ ಹತ್ತಿರ, ನೀರಿನ ವೇಗದಲ್ಲೇ ತೇಲಿಬಿಡಬೇಕು. ಕೀಟ ಏಳತೊಡಗಿದ ಮೇಲೆ 'ವಾಟರ್‌ಹೆನ್ ಬ್ಲೋ' ಎಂಬ ಹಗುರ ಗಾಳನೊಣ ಉಪಯುಕ್ತ. ನೀರುಕೋಳಿಯ ಗರಿ, ಹಳದಿ ರೇಷ್ಮೆ ದಾರ ಮತ್ತು ಸ್ವಲ್ಪ ತುಪ್ಪಳದಿಂದ ಇದನ್ನು ಕಟ್ಟುತ್ತಾರೆ. ಟಿ. ಇ. ಪ್ರಿಟ್ ಎಂಬವರು 1885ರಲ್ಲಿಯೇ ಯಾರ್ಕ್‌ಶೈರ್‌ನ ಇಂಥ ಗಾಳನೊಣಗಳ ಬಗ್ಗೆ ಪುಸ್ತಕ ಬರೆದಿದ್ದಾರೆ. ಮೀನು ಸೆಳವಿಗೆ ಎದುರಾಗಿ ನಿಲ್ಲುವುದರಿಂದ ಅದರ ಹಿಂದಿನಿಂದ ಹೋಗಿ, ಗಾಳವನ್ನು ಮೇಲ್ಮುಖವಾಗಿ ಎಸೆಯಬೇಕು.

5. ಹಿಡಿದ ಮೇಲೆ

ಬಡಕಲು ಮೀನನ್ನು ಬಿಟ್ಟುಬಿಡುವುದೇ ಸರಿ. ಗಾಳಕ್ಕೆ ಮುಳ್ಳು ಇರಬಾರದು, ಕೈ ಒದ್ದೆಯಾಗಿರಬೇಕು, ಮೀನನ್ನು ಆದಷ್ಟು ನೀರಿನಲ್ಲೇ ಇರಿಸಬೇಕು. ಒಣ ಕೈ ತಗುಲಿದರೆ ಅದರ ಮೈಮೇಲಿನ ಲೋಳೆ ಹೋಗಿ ರೋಗ ಹತ್ತಬಹುದು. ಮುಂದಿನ ಚಳಿಗಾಲದಲ್ಲಿ ಮತ್ತೆ ಮೊಟ್ಟೆಯಿಡಬೇಕಾದ ಮೀನು ಇದು. ನದಿಯ ಮೂಲ ಬಂಡವಾಳವೇ ಇದು. ಬಂಡವಾಳವನ್ನೇ ತಿಂದ ವ್ಯಾಪಾರಿಯ ಅಂಗಡಿ ಎಷ್ಟು ದಿನ ನಡೆದೀತು?

ಈ ಪಾಠ ದೂರದ ದೇಶಕ್ಕೆ ಮಾತ್ರ ಸೇರಿದ್ದಲ್ಲ. ಸುಮಾರು 1900ರಲ್ಲಿ ಬ್ರಿಟನ್ನಿನಿಂದ ತಂದ ಮೊಟ್ಟೆಗಳಿಂದಲೇ ಕಾಶ್ಮೀರದ ಹೊಳೆಗಳಲ್ಲಿ ಕಂದು ಟ್ರೌಟ್ ನೆಲೆಯೂರಿತು. ನಮ್ಮ ಮನೆಗಳಲ್ಲಿ ದೊಡ್ಡವರು ಹೇಳುವ 'ಸಬರ್' ಅಂದರೆ ತಾಳ್ಮೆ. ಮಧ್ಯಾಹ್ನದವರೆಗೆ ಕಾಯುವುದೂ ತಾಳ್ಮೆಯೇ, ಕೈಗೆ ಸಿಕ್ಕಿದ್ದನ್ನು ನೀರಿಗೆ ಬಿಡುವುದೂ ತಾಳ್ಮೆಯೇ.