ಗೌರಿಯ ಬಟ್ಟಲಲ್ಲಿ ಉಳಿದ ದುಡ್ಡು

ನಮ್ಮ ಗೌರಿ ಲ್ಯಾಬ್ರಡಾರ್. ಅವಳಿಗೆ ಆರು ತುಂಬಿದ ವರ್ಷ, ಒಂದು ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದರೆ ಎಂದಿನಂತೆ ಓಡಿ ಬರಲಿಲ್ಲ. ಮುಂಗಾಲೂರಿ ಏಳಲು ನೋಡಿದಳು. ಹಿಂಗಾಲೆರಡೂ ಟೈಲ್ಸ್ ಮೇಲೆ ಆ ಕಡೆ ಈ ಕಡೆ ಜಾರಿದವು. ಮತ್ತೆ ಎದ್ದಳು, ಮತ್ತೆ ಜಾರಿದಳು. ಆಮೇಲೆ ಸುಮ್ಮನೆ ಮಲಗಿ ನನ್ನ ಮುಖ ನೋಡಿದಳು.

ಆ ತಿಂಗಳಿಂದ ನನ್ನ ಖರ್ಚಿನ ಪುಸ್ತಕದಲ್ಲಿ ‘ಗೌರಿ, ಕೀಲು ಮಾತ್ರೆ’ ಎಂಬ ಸಾಲು ಶುರುವಾಯಿತು. ಅಂಗಡಿಯಲ್ಲಿ ಕೊಟ್ಟ ಗ್ಲುಕೋಸಮೈನ್, ತಿಂಗಳಿಗೆ 1,400 ರೂಪಾಯಿ. ಎರಡು ವರ್ಷಕ್ಕೆ 33,600. ಈ ಮಾತ್ರೆ ನಾಯಿಯ ನೋವು ಇಳಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲವೆಂದು ನನಗೆ ಗೊತ್ತಾಗಿದ್ದು ಅಷ್ಟು ದುಡ್ಡು ಹೋದ ಮೇಲೆ. ದುಡ್ಡಿಗಿಂತ ಆ ಎರಡು ವರ್ಷ ಕಳೆದದ್ದಕ್ಕೆ ಹೆಚ್ಚು ಸಂಕಟವಾಗುತ್ತದೆ.

ಕೊನೆಗೆ ಎಕ್ಸ್‌ರೇ ಮಾಡಿಸಿದೆವು. ತೊಡೆಮೂಳೆಯ ಗುಂಡು ಸೊಂಟದ ಗುಳಿಯೊಳಗೆ ಸರಿಯಾಗಿ ಕೂತಿರಲಿಲ್ಲ. ಲ್ಯಾಬ್ರಡಾರ್‌ಗಳಲ್ಲಿ ವಂಶದಿಂದ ಬರುವ ಈ ದೋಷಕ್ಕೆ ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ಕೀಲು ಸವೆದು ಸಂಧಿವಾತವೂ ಶುರುವಾಗಿತ್ತು. ಡಾಕ್ಟರು ಔಷಧದ ಚೀಟಿ ಬರೆಯುವ ಮೊದಲು ನನ್ನ ಕೈ ಹಿಡಿದು ಗೌರಿಯ ಮೈಮೇಲಿಟ್ಟರು. “ಪಕ್ಕೆಲುಬು ಸಿಗುತ್ತಾ ನೋಡಿ ಸರ್.” ಸಿಗಲಿಲ್ಲ. ಬೆರಳಿಗೆ ಸಿಕ್ಕಿದ್ದು ಬರೀ ಕೊಬ್ಬು. ತೂಕ 38 ಕಿಲೋ.

ಅಮೆರಿಕದಲ್ಲಿ ನಾಯಿ ಆಹಾರದ ಕಂಪನಿಯೊಂದೇ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಮತ್ತೊಂದಕ್ಕಿಂತ ಶೇ. 25ರಷ್ಟು ಕಡಿಮೆ ಊಟ ಹಾಕಿ ಬದುಕಿಡೀ ಸಾಕಿದರು. ಹೆಚ್ಚು ತಿಂದವುಗಳಲ್ಲಿ ಅರ್ಧದಷ್ಟು 11.2 ವರ್ಷದೊಳಗೆ ತೀರಿಕೊಂಡವು; ಕಡಿಮೆ ತಿಂದವುಗಳಲ್ಲಿ ಅರ್ಧದಷ್ಟು 13 ವರ್ಷ ದಾಟಿದವು. ಸಂಧಿವಾತಕ್ಕೆ ಔಷಧ ಬೇಕಾದದ್ದೂ ಎಷ್ಟೋ ತಡವಾಗಿ.

ನಮ್ಮ ಮನೆಯಲ್ಲಿ ಗೌರಿಯ ಆಹಾರದ 12 ಕಿಲೋ ಚೀಲ 30 ದಿನಕ್ಕೆ ಖಾಲಿಯಾಗುತ್ತಿತ್ತು. ಅಳೆದು ಹಾಕತೊಡಗಿದ ಮೇಲೆ 40 ದಿನ ಬಂತು. ಕಷ್ಟವಾದದ್ದು ಅಮ್ಮನಿಗೆ. ದೋಸೆಯ ಅಂಚು, ಟೀ ಹೊತ್ತಿನ ಬಿಸ್ಕತ್ತು, ತುಪ್ಪ ಹಚ್ಚಿದ ಚಪಾತಿ ಚೂರು, ಎಲ್ಲ ಅವರ ಕೈಯಿಂದಲೇ ಹೋಗುತ್ತಿದ್ದವು. “ಬಾಯಿಲ್ಲದ ಜೀವ ಕಣೋ, ಹೇಗೆ ಇಲ್ಲ ಅನ್ನಲಿ?” ಈಗ ಸೌತೆಕಾಯಿ ಹೋಳು ಕೊಡುತ್ತಾರೆ. ಗೌರಿಗೆ ಅದೂ ಅಷ್ಟೇ ಇಷ್ಟ. ಎಂಟು ತಿಂಗಳಲ್ಲಿ ತೂಕ 31 ಕಿಲೋಗೆ ಇಳಿಯಿತು.

ಖರ್ಚು ಮಾಡಿದ್ದೂ ಉಂಟು. ಅವಳು ಓಡಾಡುವ ದಾರಿಗೆಲ್ಲ ನಾರಿನ ಚಾಪೆ ಹಾಸಿದೆ, 2,200 ರೂಪಾಯಿ. ನೋವು ಜಾಸ್ತಿಯಾದ ದಿನಗಳಿಗೆ ಡಾಕ್ಟರು ಬರೆದ ಮೆಲಾಕ್ಸಿಕ್ಯಾಮ್, ಅದರ ಜತೆಗೆ ಮೂತ್ರಪಿಂಡ ಮತ್ತು ಲಿವರಿನ ರಕ್ತಪರೀಕ್ಷೆ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ. ಮನೆಯಲ್ಲಿರುವ ಐಬುಪ್ರೊಫೇನ್ ಒಂದು ಚೂರು ಕೊಟ್ಟರಾಯಿತು ಅಂದುಕೊಳ್ಳಲೇಬೇಡಿ. ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ.

ಚೀಲವೊಂದಕ್ಕೆ 3,600 ರೂಪಾಯಿ. ವರ್ಷಕ್ಕೆ ಮೂರು ಚೀಲ ಉಳಿದರೆ 10,800, ಅಂದರೆ ತಿಂಗಳಿಗೆ 900. ಅಷ್ಟನ್ನೂ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟುತ್ತಿದ್ದೇನೆ. ಪುಸ್ತಕದ ಹಳೆಯ ಸಾಲಿನ ಜಾಗದಲ್ಲಿ ಈಗ ‘ಗೌರಿ, ವಯಸ್ಸಾದಾಗ’ ಎಂದಿದೆ. ಅವಳಿಗೀಗ ಒಂಬತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ನಿಧಾನವಾಗಿ, ಆದರೆ ಒಂದೇ ಸಲಕ್ಕೆ ಎದ್ದು ಬರುತ್ತಾಳೆ.