ಕ್ಯಾಸಂಬಳ್ಳಿಯ ಅಂಗಳದಲ್ಲಿ ಸ್ಟ್ರಾಬೆರಿ: ಬಯಲುಸೀಮೆಗೆ ಒಗ್ಗುವ ಹನ್ನೆರಡು ಸೂತ್ರಗಳು

ಮಹಾಬಳೇಶ್ವರದ ಹಣ್ಣು ಕೋಲಾರದ ಬಯಲಲ್ಲಿ ಬಂದೀತೇ? ಬರುತ್ತದೆ, ವರ್ಷದಲ್ಲಿ ನಾಲ್ಕೈದು ತಿಂಗಳ ಮಟ್ಟಿಗೆ. ಮಹಾಬಳೇಶ್ವರ, ಪಂಚಗಣಿಗಳು 1,300 ಮೀಟರ್ ಎತ್ತರದ ಆಸುಪಾಸಿನಲ್ಲಿವೆ, ನಮ್ಮ ಕೆ.ಜಿ.ಎಫ್. ಸುಮಾರು 850 ಮೀಟರ್. ಅಲ್ಲಿನಷ್ಟು ಚಳಿ ನಮಗಿಲ್ಲ. ಆದರೂ ದೀಪಾವಳಿಯಿಂದ ಶಿವರಾತ್ರಿಯವರೆಗೆ ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆ ಕಡೆಯ ರಾತ್ರಿಗಳು ಈ ಗಿಡಕ್ಕೆ ಸಾಕಾಗುವಷ್ಟು ತಂಪಾಗಿರುತ್ತವೆ. ಗಿಡ ಒಣಗಿದಾಗ ಎಲ್ಲರೂ ಬಿಸಿಲನ್ನು ದೂರುತ್ತಾರೆ. ನಾನಂತೂ ಮೊದಲು ಬೋರ್ ನೀರಿನ ಉಪ್ಪನ್ನೇ ಅನುಮಾನಿಸುತ್ತೇನೆ. ಆದ್ದರಿಂದ ಈ ಸೂತ್ರಗಳಲ್ಲಿ ನೀರಿನ ಮಾತೇ ಹೆಚ್ಚು.

1. ಆಯುಧಪೂಜೆ ಮುಗಿದ ಮೇಲೆ ನೆಡಿ

ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ, ಅಂದರೆ ಚಿತ್ತಾ ಮತ್ತು ಸ್ವಾತಿ ಮಳೆಗಳ ಹೊತ್ತು, ನಾಟಿಗೆ ಸರಿಯಾದ ಕಾಲ. ಇದಕ್ಕೂ ಮೊದಲು ನೆಟ್ಟರೆ ಸೆಕೆಗೆ ಗಿಡ ಬರೀ ಎಲೆ ಬಿಡುತ್ತದೆ. ಡಿಸೆಂಬರಿಗೆ ತಳ್ಳಿದರೆ ಬೇರು ಊರುವಷ್ಟರಲ್ಲಿ ಮಾಗಿ ಚಳಿ ಮುಗಿದಿರುತ್ತದೆ. ನಾವು ಬೆಳೆಯುವ ಹೆಚ್ಚಿನ ತಳಿಗಳು ಹಗಲು ಚಿಕ್ಕದಾದಾಗ ಹೂ ಬಿಡುವಂಥವು ಎಂದು ಪುಸ್ತಕಗಳು ಹೇಳುತ್ತವೆ. ಆ ಚಿಂತೆ ನಮಗೆ ಬೇಡ. ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ನಮ್ಮ ಸೀಮೆಯಲ್ಲಿ ವರ್ಷದ ಅತಿ ದೊಡ್ಡ ಹಗಲೂ 13 ಗಂಟೆ ದಾಟುವುದಿಲ್ಲ. ಇಲ್ಲಿ ಹೂವನ್ನು ತಡೆಯುವುದು ಸೆಕೆ ಮಾತ್ರ. ಹಾಗಾಗಿ ಚಳಿಯ ಒಂದು ವಾರವನ್ನೂ ಕಳೆದುಕೊಳ್ಳಬೇಡಿ.

2. ಬೀಜದ ಪೊಟ್ಟಣ ಕೊಳ್ಳಬೇಡಿ, ಸಸಿಯನ್ನೇ ತನ್ನಿ

ನೀಲಿ ಸ್ಟ್ರಾಬೆರಿ, ಕಪ್ಪು ಸ್ಟ್ರಾಬೆರಿ ಎಂದು ಚಿತ್ರ ತೋರಿಸಿ ಮಾರುವ ಬೀಜಗಳಿಗೆ ದುಡ್ಡು ಸುರಿಯಬೇಡಿ. ನೀಲಿ ಸ್ಟ್ರಾಬೆರಿ ಎಂಬುದೇ ಇಲ್ಲ. ಹಣ್ಣಿನ ಬೀಜದಿಂದ ಬೆಳೆಸಿದ ಗಿಡ ತಾಯಿಗಿಡದ ಗುಣವನ್ನೇ ಪಡೆಯುತ್ತದೆ ಎಂಬ ಖಾತ್ರಿಯೂ ಇಲ್ಲ. ಏಕೆಂದರೆ ಇಂದಿನ ಸ್ಟ್ರಾಬೆರಿ, ಉತ್ತರ ಅಮೆರಿಕದ ಒಂದು ಜಾತಿ ಮತ್ತು ಚಿಲಿ ದೇಶದ ಇನ್ನೊಂದು ಜಾತಿ 18ನೇ ಶತಮಾನದ ಯುರೋಪಿನಲ್ಲಿ ಕೂಡಿ ಹುಟ್ಟಿದ ಮಿಶ್ರತಳಿ. ತಾಯಿಗಿಡದ ಹಬ್ಬುಬಳ್ಳಿಯಿಂದ ತೆಗೆದ ಸಸಿ ಅಥವಾ ಅಂಗಾಂಶ ಕೃಷಿಯ ಸಸಿಯೇ ಬೇಕು. ಬೆಂಗಳೂರಿನ ನರ್ಸರಿಗಳಿಗೆ ಚಳಿಗಾಲದ ಮುಂಚೆ ಸಸಿ ಬರುತ್ತವೆ. ಸ್ವೀಟ್ ಚಾರ್ಲಿ, ವಿಂಟರ್ ಡಾನ್, ಕ್ಯಾಮರೋಸಾ ಹೆಸರುಗಳನ್ನು ಕೇಳಿ ನೋಡಿ. ನಮ್ಮ ಚಳಿಗಾಲ ಚಿಕ್ಕದು, ಹಾಗಾಗಿ ಬೇಗ ಹಣ್ಣು ಕೊಡುವ ಮೊದಲೆರಡಕ್ಕೆ ನನ್ನ ಮತ. ಗಿಡದ ಎಲೆಗಿಂತ ಮುಖ್ಯವಾಗಿ ಬೇರನ್ನು ನೋಡಿ ಆರಿಸಿ: ಬಿಳಿ ಅಥವಾ ತಿಳಿಕಂದು ಬೇರು ದಟ್ಟವಾಗಿರಬೇಕು, ಕಪ್ಪಾಗಿ ಮೆತ್ತಗಾಗಿದ್ದರೆ ಬಿಟ್ಟುಬಿಡಿ.

3. ಇಪ್ಪತ್ತು ಗಿಡವಾದರೂ ಇರಲಿ

ನಾಲ್ಕು ಗಿಡ ಇಟ್ಟರೆ ಒಂದು ಸಲಕ್ಕೆ ಒಂದೋ ಎರಡೋ ಹಣ್ಣು ಕೆಂಪಾಗುತ್ತವೆ, ಮನೆಯ ಮಕ್ಕಳಿಗೆ ಹಂಚಲೂ ಸಾಲದು. ಇಪ್ಪತ್ತಿದ್ದರೆ ಎರಡು ದಿನಕ್ಕೊಮ್ಮೆ ಬಟ್ಟಲು ತುಂಬುತ್ತದೆ. ಒಂದು ಗಿಡ ಇಡೀ ಹಂಗಾಮಿಗೆ ಕಾಲು ಕಿಲೋ ಕೊಟ್ಟರೆ ಒಳ್ಳೆಯ ಫಸಲು ಎಂದೇ ತಿಳಿಯಿರಿ.

4. ಕೊನೆಯ ಮಳೆಯ ನೀರನ್ನು ಹಿಡಿದಿಟ್ಟುಕೊಳ್ಳಿ

ಈ ಪಟ್ಟಿಯಲ್ಲಿ ಒಂದನ್ನು ಮಾತ್ರ ಪಾಲಿಸುವಿರಾದರೆ ಇದನ್ನು ಪಾಲಿಸಿ. ಉಪ್ಪನ್ನು ಕಿಂಚಿತ್ತೂ ಸಹಿಸದ ಬೆಳೆಗಳಲ್ಲಿ ಸ್ಟ್ರಾಬೆರಿ ಮುಂಚೂಣಿಯಲ್ಲಿದೆ. ನೀರಿನ ಉಪ್ಪಿನಂಶವನ್ನು ಅಳೆಯುವ ಇ.ಸಿ. ಲೆಕ್ಕದಲ್ಲಿ ಟೊಮೆಟೊ 1.7ರವರೆಗೆ ಇಳುವರಿ ಕಡಿಮೆಯಾಗದೆ ಬೆಳೆಯುತ್ತದೆ, ಸ್ಟ್ರಾಬೆರಿಗೆ 0.7 ದಾಟಿದರೆ ಸಾಕು, ಇಳುವರಿ ಇಳಿಯತೊಡಗುತ್ತದೆ. ಟಿ.ಡಿ.ಎಸ್. ಮೀಟರಿನಲ್ಲಿ ನೋಡುವವರಿಗೆ ಇದು ಸುಮಾರು 450. ನಮ್ಮ ಜಿಲ್ಲೆಯಲ್ಲಿ ಬೋರುಗಳು ಆಳಕ್ಕೆ ಇಳಿದ ಹಾಗೆ ನೀರು ಗಡಸಾಗಿದೆ. ಪಕ್ಕದ ಹೊಲದಲ್ಲಿ ಟೊಮೆಟೊ ಸೊಂಪಾಗಿದೆಯಲ್ಲ, ನನ್ನ ಗಿಡಕ್ಕೂ ಅದೇ ನೀರು ಸಾಕು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಉಪಾಯ ತಲೆಯ ಮೇಲೇ ಇದೆ. ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಅಕ್ಟೋಬರ್, ನವೆಂಬರಿನಲ್ಲಿ ನಮಗೆ ಮಳೆ ಬೀಳುತ್ತದೆ, ಅದೂ ಸರಿಯಾಗಿ ನಾಟಿಯ ಹೊತ್ತಿಗೆ. ಒಂದು ಚದರ ಮೀಟರ್ ಟಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮೂವತ್ತು-ನಲವತ್ತು ಅಡಿಯ ಮನೆಯ ಟಾರಸಿ ಎಂದರೆ ಸುಮಾರು 110 ಚದರ ಮೀಟರ್, 10 ಮಿ.ಮೀ. ಮಳೆಗೆ 1,100 ಲೀಟರ್. ಸೋರಿದ್ದು, ಆವಿಯಾದದ್ದು ಕಳೆದರೂ 900 ಲೀಟರ್ ಕೈಗೆ ಸಿಗುತ್ತದೆ. ಕುಂಡದ ಗಿಡಕ್ಕೆ ದಿನಕ್ಕೆ ಅರ್ಧ ಲೀಟರ್ ಎಂದರೂ ಇಪ್ಪತ್ತು ಗಿಡಕ್ಕೆ ಹತ್ತು ಲೀಟರ್. ಸಾವಿರ ಲೀಟರಿನ ಒಂದು ಸಿಂಟೆಕ್ಸ್ ಟ್ಯಾಂಕ್ ತುಂಬಿದರೆ ನೂರು ದಿನ, ಅಂದರೆ ನಿಮ್ಮ ಹಂಗಾಮು ಬಹುಪಾಲು ಮುಗಿಯಿತು. ಮೊದಲ ಐದು-ಹತ್ತು ನಿಮಿಷದ ಮಳೆಯನ್ನು ಹೊರಗೆ ಬಿಡಿ, ಧೂಳು ಮತ್ತು ಹಕ್ಕಿಯ ಹಿಕ್ಕೆ ಹೋಗಲಿ. ಪೈಪಿನ ಬಾಯಿಗೆ ಹಳೆಯ ಪಂಚೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ, ಟ್ಯಾಂಕಿನ ಮುಚ್ಚಳ ಭದ್ರವಾಗಿ ಹಾಕಿ. ಬೆಳಕು ಹೋಗದಿದ್ದರೆ ಪಾಚಿ ಕಟ್ಟುವುದಿಲ್ಲ, ಸೊಳ್ಳೆ ನುಸುಳದಿದ್ದರೆ ಮರಿಯಾಗುವುದಿಲ್ಲ.

5. ಆರ್.ಒ. ಘಟಕದ ಬಿಡುನೀರು ಹಾಕಬೇಡಿ

ಫ್ಲೋರೈಡ್ ಕಾಟದಿಂದ ನಮ್ಮ ಹಳ್ಳಿಗಳಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ, ಅನೇಕ ಮನೆಗಳಲ್ಲೂ ಆರ್.ಒ. ಯಂತ್ರಗಳಿವೆ. ಅವುಗಳಿಂದ ಹೊರಬೀಳುವ ನೀರು ದಂಡವಾಗುತ್ತದೆಂದು ಗಿಡಕ್ಕೆ ಸುರಿಯುವವರು ಬಹಳ. ಬೋರ್ ನೀರಿನ ಉಪ್ಪೆಲ್ಲ ಸಾಂದ್ರವಾಗಿ ಸೇರಿರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಮಳೆನೀರು ಮುಗಿದ ದಿನಗಳಲ್ಲಿ ನಾಣ್ಯ ಹಾಕಿ ತುಂಬಿಸಿಕೊಳ್ಳುವ 20 ಲೀಟರ್ ಕ್ಯಾನನ್ನೇ ಅರ್ಧಕ್ಕೆ ಅರ್ಧ ಬೋರ್ ನೀರಿನ ಜೊತೆ ಬೆರೆಸಿ ಹಾಕಬಹುದು. ಕೋಲಾರ ಜಿಲ್ಲೆಯ ಹಲವು ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿಯುತ್ತಿದೆ. ಸ್ಟ್ರಾಬೆರಿ ನೆಲಕ್ಕೆ ತಾಗಿಕೊಂಡೇ ಬೆಳೆಯುವ, ಸಿಪ್ಪೆ ಸುಲಿಯದೆ ಹಸಿಯಾಗಿ ತಿನ್ನುವ ಹಣ್ಣು. ಅದಕ್ಕೆ ಅಂಥ ಕೆರೆಯ ನೀರು ಬೇಡ.

ಉಪ್ಪು ಏರಿದ್ದನ್ನು ಗಿಡವೇ ಹೇಳುತ್ತದೆ. ಎಲೆಯ ಅಂಚು ಸುಟ್ಟಂತೆ ಕಂದಾಗುತ್ತದೆ, ಕುಂಡದ ಕಂಠದ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ, ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಗಿಡಕ್ಕೆ ಕಬ್ಬಿಣ ದಕ್ಕುತ್ತಿಲ್ಲ ಎಂದರ್ಥ. ತಿಂಗಳಿಗೊಮ್ಮೆ ಕುಂಡದ ತಳದಿಂದ ಧಾರೆಯಾಗಿ ಹರಿಯುವಷ್ಟು ಮಳೆನೀರು ಹೊಯ್ದು ಉಪ್ಪನ್ನು ತೊಳೆಯಿರಿ. ಅನುಮಾನವಿದ್ದರೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ ನೀರಿನ ಪರೀಕ್ಷೆ ಮಾಡಿಸಿ.

6. ಟೊಮೆಟೊ ಬೆಳೆದ ಮಣ್ಣನ್ನು ಮುಟ್ಟಬೇಡಿ

ನಮ್ಮದು ಟೊಮೆಟೊ ಜಿಲ್ಲೆ. ಟೊಮೆಟೊ, ಆಲೂಗಡ್ಡೆ, ಬದನೆ, ಮೆಣಸಿನಕಾಯಿ ಬೆಳೆದ ಮಣ್ಣಲ್ಲಿ ಉಳಿದುಕೊಳ್ಳುವ ಸೊರಗು ರೋಗದ ಶಿಲೀಂಧ್ರ ಸ್ಟ್ರಾಬೆರಿಯನ್ನೂ ಬಿಡುವುದಿಲ್ಲ. ರಾಗಿ, ಜೋಳ ಬೆಳೆದ ಹೊಲದ ಕೆಮ್ಮಣ್ಣು ತನ್ನಿ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ ಇಲ್ಲವೇ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಕೋಕೋಪೀಟ್, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟಿನಲ್ಲೂ ಉಪ್ಪಿರುತ್ತದೆ, ಎರಡು ಮೂರು ನೀರಿನಲ್ಲಿ ತೊಳೆದೇ ಬೆರೆಸಿ. ಹಸಿ ಕುರಿಗೊಬ್ಬರ ಬೇರನ್ನು ಸುಡುತ್ತದೆ.

ಮರಳು ಬೇಕೆಂದು ಕೆ.ಜಿ.ಎಫ್. ಕಡೆಯ ಸೈನೈಡ್ ದಿಬ್ಬಗಳ ಪುಡಿಯನ್ನು ಮಾತ್ರ ಎಂದೂ ತರಬೇಡಿ. ನೋಡಲು ನುಣ್ಣನೆಯ ಮರಳಿನಂತೆಯೇ ಇದೆ. ಗಣಿ 2001ರಲ್ಲಿ ಮುಚ್ಚಿದರೂ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಆ ರಾಶಿ ತಿನ್ನುವ ಪದಾರ್ಥ ಬೆಳೆಯುವ ಮಣ್ಣಿಗೆ ಸೇರಬಾರದು.

7. ಸುಳಿ ಮಣ್ಣಿನ ಮೇಲೆ ಉಳಿಯಲಿ

ಗಿಡವನ್ನು ಕೈಯಲ್ಲಿ ಹಿಡಿದು ನೋಡಿ. ಬೇರು ಮುಗಿದು ಎಲೆ ಹೊರಡುವಲ್ಲಿ ಹೆಬ್ಬೆರಳ ಗಾತ್ರದ ಗಟ್ಟಿ ಬುಡವಿದೆ. ಅದರ ನೆತ್ತಿಯಲ್ಲಿ ಎಳೆ ಎಲೆ ಮಡಿಚಿಕೊಂಡಿರುವ ಸುಳಿ. ಈ ಬುಡದ ಅರ್ಧ ಮಣ್ಣೊಳಗೆ, ಸುಳಿ ಮಾತ್ರ ಗಾಳಿಯಲ್ಲಿ. ಸುಳಿ ಹೂತರೆ ಒಂದು ಜಡಿಮಳೆಗೇ ಕೊಳೆಯುತ್ತದೆ, ಬೇರು ಮೇಲೆ ಕಂಡರೆ ನಾಲ್ಕು ದಿನದ ಬಿಸಿಲಿಗೆ ಒಣಗುತ್ತದೆ. ಬೇರನ್ನು ಮಡಚಿ ತುರುಕದೆ ಬೀಸಣಿಗೆಯಂತೆ ಹರಡಿ. ನೆಟ್ಟು ನೀರು ಹಾಕಿದ ಮೇಲೆ ಮಣ್ಣು ಕುಸಿಯುತ್ತದೆ. ಮಾರನೆಯ ಬೆಳಿಗ್ಗೆ ಬಗ್ಗಿ ಇನ್ನೊಮ್ಮೆ ನೋಡಿ ಸರಿಮಾಡಿ. ಸಂಜೆ ನೆಡುವುದೇ ಮೇಲು. ನೆಲದಲ್ಲಾದರೆ ಅರ್ಧ ಅಡಿ ಎತ್ತರದ ಏರುಮಡಿ, ಗಿಡದಿಂದ ಗಿಡಕ್ಕೆ ಒಂದಡಿ. ಕುಂಡವಾದರೆ ಎಂಟು-ಹತ್ತು ಇಂಚಿನದು, ತಳದಲ್ಲಿ ತೂತು ಧಾರಾಳವಾಗಿರಲಿ.

8. ಮೊದಲ ಮೂರು ವಾರದ ಹೂ ಚಿವುಟಿ

ಮನಸ್ಸು ಬಾರದು, ಆದರೂ ಚಿವುಟಿ. ಬೇರು ಊರದ ಗಿಡ ಹಣ್ಣು ಹೊತ್ತರೆ ಅಲ್ಲಿಗೇ ಬೆಳವಣಿಗೆ ನಿಲ್ಲುತ್ತದೆ. ಹಬ್ಬುಬಳ್ಳಿ ಕಂಡರೆ ಅದನ್ನೂ ಬುಡದಲ್ಲೇ ಕತ್ತರಿಸಿ. ದೀಪಾವಳಿಯ ಆಸುಪಾಸಿನಲ್ಲಿ ನೆಟ್ಟ ಗಿಡ ಹೀಗೆ ಸಾಕಿಸಿಕೊಂಡರೆ ಸಂಕ್ರಾಂತಿಯ ಹೊತ್ತಿಗೆ ಮೊದಲ ಹಣ್ಣು ಕೊಡುತ್ತದೆ.

9. ಬುಡಕ್ಕೆ ಹುಲ್ಲು ಹಾಸಿ

ರಾಗಿ ಹುಲ್ಲು ಹಸುವಿಗೇ ಇರಲಿ. ಭತ್ತದ ಹುಲ್ಲು, ಒಣಗಿದ ಮಾವಿನೆಲೆ, ತೆಂಗಿನ ನಾರು ಯಾವುದಾದರೂ ಸರಿ, ಎರಡು ಇಂಚು ದಪ್ಪ. ಹಣ್ಣು ಮಣ್ಣಿಗೆ ತಾಗಬಾರದು, ತಾಗಿದರೆ ಬೂದು ಬೂಸ್ಟು ಹಿಡಿಯುತ್ತದೆ. ನೀರನ್ನು ಬೆಳಿಗ್ಗೆ, ಬುಡಕ್ಕೆ ಮಾತ್ರ.

10. ಹೂವಿಗೆ ಜೇನು ಬರಲು ಬಿಡಿ

ಹಣ್ಣು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಮುರುಟಿಕೊಂಡಿದ್ದರೆ ಗೊಬ್ಬರ ಸಾಲದೆಂದು ಸುರಿಯಬೇಡಿ. ಹೂವಿನ ನಡುವಿನ ಹಳದಿ ದಿಂಡಿನ ಮೇಲೆ ನೂರಾರು ಪುಟ್ಟ ಅಂಡಾಶಯಗಳಿವೆ. ಪರಾಗ ತಾಗಿದ ಒಂದೊಂದೂ ಬೀಜವಾಗಿ ತನ್ನ ಸುತ್ತಲಿನ ತಿರುಳನ್ನು ಉಬ್ಬಿಸುತ್ತದೆ. ತಾಗದ ಕಡೆ ತಿರುಳು ಬೆಳೆಯುವುದೇ ಇಲ್ಲ. ತುಡುವೆ, ಕಡ್ಡಿಜೇನು ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತವೆ. ಪಕ್ಕದಲ್ಲಿ ನಾಲ್ಕು ತುಳಸಿ, ಒಂದು ಸಾಲು ಚೆಂಡುಹೂ ಇರಲಿ. ಜೇನು ಸುಳಿಯದ ಟಾರಸಿಯಾದರೆ, ಬೆಳಿಗ್ಗೆ ಹತ್ತರ ಹೊತ್ತಿಗೆ ಮೆತ್ತನೆಯ ಬಣ್ಣದ ಕುಂಚದಿಂದ ಹೂವಿನ ನಡುವೆ ಎರಡು ಸುತ್ತು ಸವರಿ.

11. ತಿನ್ನುವ ಹಣ್ಣಿಗೆ ಹೊಲದ ಔಷಧಿ ಬೇಡ

ಟೊಮೆಟೊಗೆ ಹೊಡೆದು ಉಳಿದ ಔಷಧಿಯನ್ನು ತಂದು ಅಂಗಳದ ಗಿಡಕ್ಕೆ ಹೊಡೆಯುವುದು ಕಂಡರೆ ನನಗೆ ಭಯವಾಗುತ್ತದೆ. ಈ ಹಣ್ಣನ್ನು ಮಕ್ಕಳು ಗಿಡದಿಂದ ಕಿತ್ತು ನೇರ ಬಾಯಿಗಿಡುತ್ತಾರೆ. ಫೆಬ್ರವರಿಯ ಒಣ ಗಾಳಿಯಲ್ಲಿ ಎಲೆ ಮಂಕಾಗಿ ಚುಕ್ಕೆ ಕಂಡರೆ ಎಲೆ ತಿರುವಿ ನೋಡಿ: ಕಣ್ಣಿಗೆ ಕಂಡೂ ಕಾಣದ ನುಸಿ, ನವಿರು ಬಲೆ. ಬೆಳಿಗ್ಗೆ ಎಲೆಯ ಅಡಿಭಾಗಕ್ಕೆ ನೀರು ಚಿಮುಕಿಸಿ ತೊಳೆಯಿರಿ. ವಾರಕ್ಕೊಮ್ಮೆ ಸಂಜೆ, ಲೀಟರಿಗೆ ಐದು ಮಿ.ಲೀ. ಬೇವಿನೆಣ್ಣೆ, ಚೂರು ಸಾಬೂನು ನೀರು ಕಲಸಿ ಸಿಂಪಡಿಸಿ. ಹೇನಿಗೂ ಇದೇ ಸಾಕು. ಪಿಕಳಾರ, ಅಳಿಲುಗಳಿಗೆ ಬಲೆಯೊಂದೇ ದಾರಿ. ಕಾಯಿ ಕಚ್ಚಿ ಬಿಳಿಯಾದ ಮೇಲೆ ಹೊದಿಸಿ, ಜೇನು ನುಸುಳುವಷ್ಟು ಕಣ್ಣು ಬಲೆಗಿರಲಿ.

ಇನ್ನು ಹಣ್ಣು ಕೀಳುವುದು ಪೂರ್ತಿ ಕೆಂಪಾದ ಮೇಲೆ, ಬೆಳಿಗ್ಗೆ ಬಿಸಿಲೇರುವ ಮುನ್ನ, ತೊಟ್ಟಿನ ಸಮೇತ. ಹೂ ಅರಳಿ ಸುಮಾರು ಒಂದು ತಿಂಗಳಿಗೆ ಹಣ್ಣಾಗುತ್ತದೆ. ಮಾವಿನ ಹಾಗೆ ಕಿತ್ತಿಟ್ಟು ಮಾಗಿಸಲು ಬಾರದು. ಹೆಗಲು ಬೆಳ್ಳಗಿರುವಾಗ ಕಿತ್ತರೆ ಬಣ್ಣ ಒಂದಿಷ್ಟು ಬಂದೀತು, ಸಿಹಿ ಬಾರದು.

12. ಯುಗಾದಿಯಿಂದ ಗಿಡವನ್ನು ನೆರಳಿಗೆ ಒಯ್ಯಿರಿ

ಮಾರ್ಚ್ ಕಳೆದ ಮೇಲೆ ಹಣ್ಣಿನ ಆಸೆ ಬಿಡಿ. ಸೊಂಪಾದ ಐದಾರು ಗಿಡಗಳನ್ನು ಆರಿಸಿ, ಹಳೆ ಎಲೆ ಕತ್ತರಿಸಿ, ಮಾವಿನ ಮರದಡಿಯೋ ಶೇಡ್ ನೆಟ್ ಕೆಳಗೋ ಇಟ್ಟು ಬೇಸಿಗೆ ದಾಟಿಸಿ. ಮುಂಗಾರಿನಲ್ಲಿ ಅವು ಹಬ್ಬುಬಳ್ಳಿ ಚಾಚಿದಾಗ ಈ ಸಲ ಕತ್ತರಿಸಬೇಡಿ. ಬಳ್ಳಿಯ ತುದಿಯ ಮರಿಯನ್ನು ತಾಯಿಯಿಂದ ಬೇರ್ಪಡಿಸದೆ, ಮಣ್ಣು ತುಂಬಿದ ಪುಟ್ಟ ಪಾಕೀಟಿನ ಮೇಲೆ ಕೂರಿಸಿ ಬಾಗಿಸಿದ ತಂತಿಯಿಂದ ಒತ್ತಿ ನಿಲ್ಲಿಸಿ. ಮೂರು-ನಾಲ್ಕು ವಾರದಲ್ಲಿ ಬೇರು ಊರುತ್ತದೆ, ಮೆಲ್ಲಗೆ ಎಳೆದರೆ ತಡೆಯುತ್ತದೆ. ಆಗ ಬಳ್ಳಿ ಕತ್ತರಿಸಿ. ಒಂದು ತಾಯಿಗಿಡಕ್ಕೆ ನಾಲ್ಕು ಮರಿ ಸಾಕು. ಎಲೆ ಮುದುಡಿದ, ಬಣ್ಣಗೆಟ್ಟ ಗಿಡದಿಂದ ಮರಿ ಮಾಡಬೇಡಿ, ರೋಗವೂ ಜೊತೆಗೇ ಬರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ನರ್ಸರಿಯಿಂದ ಹೊಸ ಸಸಿ ತರುವುದು ಒಳ್ಳೆಯದು.